ಬೆಲ್ಲದ ನೀರಲ್ಲಿ ತುಕ್ಕು ಬಿಡಿಸಿದೆ: ನನ್ನ ಅನುಭವ

ಹಿಂದೆ ಬೆಲ್ಲದ ನೀರಲ್ಲಿ ತುಕ್ಕು ಬಿಡಿಸಿ ಪೇಂಟ್ ಮಾಡಿಕೊಟ್ಟಿದ್ದ ಯೆಜ್ಡಿ ಬೈಕು ಮೊನ್ನೆ ಮತ್ತೆ ನಮ್ಮ ಶೆಡ್ಡಿಗೆ ಬಂತು. ಪೇಂಟಿಗಲ್ಲ, ಹಿಂದಿನ ಮಡ್‌ಗಾರ್ಡಿನ ಕಂಬಿ ಮುರಿದಿತ್ತು, ಬೆಸುಗೆ ಹಾಕಿಸೋಕೆ. ನಾನು ಮೊದಲು ಕಂಬಿ ನೋಡಲಿಲ್ಲ. ಟ್ಯಾಂಕಿನ ಅಡಿಗೆ ಕೈ ಹಾಕಿ ತಗಡು ಮಡಚಿ ಕೂಡಿಸಿದ ಮಡಿಕೆಯ ಅಂಚನ್ನು ಉಗುರಲ್ಲಿ ಸವರಿದೆ. ಒಂದೇ ಒಂದು ಗುಳ್ಳೆ ಇಲ್ಲ. ಮೂರು ಮಳೆಗಾಲ ಕಳೆದಿದೆ, ಗಾಡಿ ಬಯಲಲ್ಲೇ ನಿಲ್ಲುತ್ತದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆಗ ಬರೆದಿದ್ದರೆ ಎಲ್ಲರೂ ನಗುತ್ತಿದ್ದರು. ಬರೆಯದೇ ಇದ್ದರೂ ನಕ್ಕರು, ಅದು ಬೇರೆ ಮಾತು.

ನಾನು ಮಂಡ್ಯದಲ್ಲಿ ಟಿಂಕರಿಂಗ್, ಅಂದ್ರೆ ಗಾಡಿಗಳ ತಗಡಿನ ಕೆಲಸ ಮಾಡೋನು. ದಿನಬೆಳಗಾದರೆ ಟ್ರ್ಯಾಕ್ಟರ್ ಬಾನೆಟ್ಟು, ಮಡ್‌ಗಾರ್ಡು, ಕಬ್ಬಿನ ಟ್ರೈಲರ್ ತಗಡು. ಇಲ್ಲಿನ ತುಕ್ಕಿನ ಗುಣ ನಮ್ಮೋರಿಗೆ ಗೊತ್ತಿರೋದೇ. ಗದ್ದೆ ಕೆಸರು ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡು ಒಣಗುತ್ತದೆ, ಜೊತೆಗೆ ಪೊಟ್ಯಾಷ್ ಗೊಬ್ಬರದ ಉಪ್ಪೂ ಸೇರಿಕೊಳ್ಳುತ್ತದೆ. ಮೇಲೆ ಎಷ್ಟೇ ಚೆನ್ನಾಗಿ ಬಣ್ಣ ಹೊಡೆದರೂ ವರ್ಷ ತುಂಬೋದರೊಳಗೆ ಒಳಗಿಂದ ಗುಳ್ಳೆ ಏಳುತ್ತದೆ. ಗಿರಾಕಿ ನಮ್ಮನ್ನ ಬೈತಾನೆ, ನಾವು ಪ್ರೈಮರನ್ನ ಬೈತೀವಿ. 20 ವರ್ಷ ಹೀಗೇ ನಡೀತು.

ಯೆಜ್ಡಿ ತಂದವರು ಮೈಸೂರಿನ ಒಬ್ಬ ಮೇಷ್ಟ್ರು. ಅವರ ತಂದೆ ಕೊಂಡಿದ್ದ ರೋಡ್‌ಕಿಂಗ್. ಯಾದವಗಿರಿಯ ಫ್ಯಾಕ್ಟರಿ ಮುಚ್ಚಿದ್ದು 1996ರಲ್ಲಿ. ಈಗ ಅಸಲಿ ಟ್ಯಾಂಕ್ ಬೇಕಂದ್ರೆ ಗುಜರಿಯೆಲ್ಲ ತಡಕಬೇಕು. ಈಚೆಗೆ ಮಾಡಿ ಮಾರೋ ಟ್ಯಾಂಕ್ ಒಂದು ತಂದು ತೋರಿಸಿದೆ. ತಗಡು ತೆಳು, ಅಂಚು ಒರಟು. ಮೇಷ್ಟ್ರು ಅದನ್ನು ಮುಟ್ಟಲೂ ಇಲ್ಲ. "ಟ್ಯಾಂಕ್ ಮಾತ್ರ ಬದಲಾಯಿಸ್ಬೇಡಿ ಸ್ವಾಮಿ, ಇದರ ಮೇಲೇ ನಮ್ಮಪ್ಪ ನನ್ನ ಕೂರಿಸ್ಕೊಂಡು ಹೋಗ್ತಿದ್ದಿದ್ದು" ಅಂದರು. ಅಷ್ಟು ಹೇಳಿದ ಮೇಲೆ ಏನು ಮಾಡೋದು?

ಹಳೇ ಪೇಂಟಿಗೆ ಸ್ಕ್ರೂಡ್ರೈವರ್ ಕೊಟ್ಟೆ. ಪೇಂಟಿನ ಅಡಿಗೆ ತಗ್ಗು ಮುಚ್ಚೋಕೆ ಬಳಿಯೋ ಪುಟ್ಟಿ ಅಂಗೈ ಅಗಲಕ್ಕೆ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ದಪ್ಪ ಕಾಲು ಇಂಚು ಇತ್ತೋ ಏನೋ. ಹಿಂದುಗಡೆ ಕೆಂಪು ಪುಡಿ ಅಂಟಿತ್ತು. ಯಾರೋ ಪುಣ್ಯಾತ್ಮ ತುಕ್ಕಿನ ಮೇಲೇ ಪುಟ್ಟಿ ಬಳಿದು, ನೀರು ಹಾಕಿ ಉಜ್ಜಿದ್ದ. ಪುಟ್ಟಿ ನೀರು ಕುಡಿಯುತ್ತೆ, ಕುಡಿದ ನೀರನ್ನ ತಗಡಿಗೇ ಕೊಡುತ್ತೆ. ಹಾಗಂತ ಅವನನ್ನ ಬೈಯೋಕೆ ನನಗೇನು ಹಕ್ಕಿದೆ, ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೋನು.

ಈ ಗಾಡಿಗೂ ಮುಂಚೆ ತುಕ್ಕಿನ ಹಿಂದೆ ಬಿದ್ದು ಕಳೆದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲು ಕಕ್ಕಸು ತೊಳೆಯೋ ಆ್ಯಸಿಡ್. 20 ನಿಮಿಷದಲ್ಲಿ ತಗಡು ಬೆಳ್ಳಿ ಥರ ಹೊಳೀತು. ಆದರೆ ಮಡಿಕೆಯೊಳಗೆ ಹೋದ ಆ್ಯಸಿಡ್ಡನ್ನ ಯಾವ ನೀರಲ್ಲಿ ತೊಳೆದರೂ ಈಚೆಗೆ ಬರಲ್ಲ. ಎರಡೇ ತಿಂಗಳಿಗೆ ಮಡಿಕೆ ಉದ್ದಕ್ಕೂ ಗುಳ್ಳೆ. ಸಾಲದ್ದಕ್ಕೆ ಅದರ ಹೊಗೆಗೆ ಶೆಡ್ಡಲ್ಲಿದ್ದ ಸ್ಪ್ಯಾನರ್, ಡಾಲಿ, ಸುತ್ತಿಗೆ ಎಲ್ಲ ರಾತ್ರೋರಾತ್ರಿ ತುಕ್ಕು ಹಿಡಿದವು. ಆಮೇಲೆ ಸ್ಯಾಂಡ್ ಬ್ಲಾಸ್ಟಿಂಗ್. ಒಂದು ಸ್ಕೂಟರಿನ ಡಿಕ್ಕಿ ಬಾಗಿಲನ್ನ ಕಳಿಸಿದೆ. 1,500ವೋ 1,800ವೋ ತಗೊಂಡರು. ವಾಪಸ್ ಬಂದಾಗ ಬಾಗಿಲು ದೋಣಿ ಆಗಿತ್ತು. 20 ಗೇಜಿನ ತೆಳು ತಗಡು ಆ ಮರಳಿನ ಏಟು ತಡೆಯುತ್ತಾ? ಗಿರಾಕಿಗೆ ಬೇರೆ ಬಾಗಿಲು ಹುಡುಕಿ ಕೊಟ್ಟೆ, ಅದಕ್ಕೊಂದು 2,500. ಗುಳ್ಳೆ ಎದ್ದು ವಾಪಸ್ ಬಂದು ಮತ್ತೆ ರಿಪೇರಿ ಮಾಡಿಕೊಟ್ಟ ಮಡ್‌ಗಾರ್ಡುಗಳ ಕೂಲಿ ಲೆಕ್ಕಕ್ಕೇ ಹಿಡಿದಿಲ್ಲ.

ಬೆಲ್ಲದ ವಿಚಾರ ತಲೆಗೆ ಬಂದದ್ದು ಆಲೆಮನೆಯಲ್ಲಿ. ಗಾಣದ ಗಾರ್ಡಿಗೆ ವೆಲ್ಡಿಂಗ್ ಮಾಡೋಕೆ ಹೋಗಿದ್ದೆ. ಮೂಲೆಯಲ್ಲಿ ಹಳಸಿದ ಬೆಲ್ಲದ ನೀರಿನ ಡಬ್ಬ, ಅದರೊಳಗೆ ಯಾವಾಗಲೋ ಬಿದ್ದ ಒಂದು ಬೋಲ್ಟು. ತೆಗೆದು ನೋಡಿದರೆ ಒಂಚೂರು ತುಕ್ಕಿಲ್ಲ, ಬೂದು ಬಣ್ಣದ ಬರೀ ಕಬ್ಬಿಣ. ಕಲಂಕಾರಿ ಬಟ್ಟೆಗೆ ಕಪ್ಪು ಬಣ್ಣ ಮಾಡೋರು ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ಕೊಳೆ ಹಾಕ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೊರದೇಶದಲ್ಲಿ ಹಳೇ ಕಾರು ರಿಪೇರಿ ಮಾಡೋರು ಕಾಕಂಬಿಯಲ್ಲಿ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕರಿ ಪಾಕದಲ್ಲಿ, ಇದನ್ನೇ ಮಾಡ್ತಾರೆ. ಸಕ್ಕರೆ ಊರಲ್ಲಿ ಕೂತು ನಾವು ಆ್ಯಸಿಡ್ ಕೊಳ್ತಾ ಇದ್ವಿ, ನೋಡಿ.

ಪಕ್ಕದ ಶೆಡ್ಡಿನ ಪೇಂಟರ್ ಅಣ್ಣನಿಗೆ ಹೇಳಿದೆ. "ಬೆಲ್ಲದ್ ನೀರಲ್ಲಿ ತುಕ್ಕು ಓಯ್ತದಾ? ಓಗ್ಲಾ ಓಗು, ಒಸಿ ಏಲಕ್ಕಿ ಹಾಕು, ಪಾನಕ ಆಯ್ತದೆ" ಅಂದ. ಅವತ್ತಿಂದ ನನ್ನ ಹೆಸರು ಪಾನಕ ಅಂತಲೇ ಆಯಿತು.

200 ಲೀಟರ್ ಪ್ಲಾಸ್ಟಿಕ್ ಡ್ರಮ್ ತಂದೆ. ಕರಗಿ ಕಪ್ಪಾದ, ಮಾರೋಕೆ ಬಾರದ ಬೆಲ್ಲ ಒಂದು 18–20 ಕೆಜಿ, 500 ರೂಪಾಯಿ ಚಿಲ್ಲರೆ. ಒಂದು ಪಾಲು ಬೆಲ್ಲಕ್ಕೆ ಹತ್ತು ಪಾಲು ನೀರು, ಹೆಚ್ಚುಕಮ್ಮಿ ಆದರೆ ತೊಂದರೆ ಇಲ್ಲ. ಇದರ ಜೊತೆ ಇನ್ನೊಂದು ಸಾಮಾನು ಒಂದು ಹಿಡಿ ಹಾಕುತ್ತೇನೆ. ಹುಳಿ ಬೇಗ ಏಳೋಕೆ. ಅದು ಯಾವುದು ಅಂತ ಹೇಳಲ್ಲ, ಹೊಟ್ಟೆಪಾಡು.

ಮೊದಲ ಸಲ ಕೆಟ್ಟೆ. ಪೇಂಟ್ ಬಿಡಿಸದೆ, ಗ್ರೀಸ್ ತೊಳೆಯದೆ ಸೈಡ್ ಬಾಕ್ಸ್ ಮುಳುಗಿಸಿದೆ. ವಾರ ಬಿಟ್ಟು ತೆಗೆದರೆ ಪೇಂಟಿನ ಅಡಿ ತುಕ್ಕು ಹಾಗೇ ಕೂತಿದೆ. ಬೆಲ್ಲದ ನೀರು ಬಣ್ಣ ತಿನ್ನಲ್ಲ, ಜಿಡ್ಡನ್ನ ದಾಟಲ್ಲ. ಇನ್ನೊಂದು ಪೀಸು ಅರ್ಧ ಮೇಲೆದ್ದಿತ್ತು. ನೀರಿನ ಮಟ್ಟದಲ್ಲಿ ತಗಡಿಗೆ ಗರಗಸ ಎಳೆದ ಹಾಗೆ ಗೆರೆ ಬಿತ್ತು. ಪೂರ್ತಿ ಮುಳುಗಬೇಕು, ಮೇಲೊಂದು ಕಲ್ಲು ಹೇರಬೇಕು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಪೆಟ್ರೋಲ್ ನಲ್ಲಿಯದು. ಹಳೇ ಜಾವಾ ಟ್ಯಾಂಕೊಂದರಲ್ಲಿ ಪ್ರಯೋಗ ಮಾಡೋವಾಗ ಅದನ್ನ ಬಿಚ್ಚೋದು ಮರೆತೆ. ಹತ್ತು ದಿನಕ್ಕೆ ಇಲಿ ಕಡಿದ ಹಾಗಾಗಿತ್ತು. ಸತು, ಅಲ್ಯುಮಿನಿಯಂ ಎರಕದ ಏನನ್ನೂ ಒಳಗೆ ಬಿಡಬೇಡಿ.

ವಾಸನೆ ಬೇರೆ. ನಾಲ್ಕನೇ ದಿನಕ್ಕೆ ನೊರೆ ಎದ್ದು ಬೀದಿಯೆಲ್ಲ ಘಮ್ ಅಂತು. ಪಾನಕ ಕಳ್ಳಬಟ್ಟಿ ಶುರು ಮಾಡವ್ನೆ ಅಂತ ಸುದ್ದಿ. ಒಬ್ಬರು ರಾತ್ರಿ ಹತ್ತು ಗಂಟೆಗೆ ಮೆಲ್ಲಗೆ ಬಂದು "ಎಷ್ಟು ಲೀಟರ್ ಆಯ್ತದೆ?" ಅಂತ ಕೇಳಿದರು. ಡ್ರಮ್ಮಿನ ಮುಚ್ಚಳ ತೆಗೆದು ಮಡ್‌ಗಾರ್ಡ್ ಎತ್ತಿ ತೋರಿಸಿದೆ. ಬೇಜಾರಾಗಿ ಹೋದರು.

ಯೆಜ್ಡಿ ಟ್ಯಾಂಕನ್ನ ಏಪ್ರಿಲಲ್ಲಿ ಹಾಕಿದ್ದು. ಮೊದಲು ಸೋಪಿನ ನೀರಲ್ಲಿ ಎರಡು ಸಲ ಒಳಗೆಲ್ಲ ತೊಳೆದು, ಪೇಂಟ್ ಪೂರ್ತಿ ಬಿಡಿಸಿ, ನಲ್ಲಿ ಬಿಚ್ಚಿ ಇಳಿಸಿದೆ. ಬಿಸಿಲಿಗೆ 12 ದಿನದಲ್ಲಿ ಆಯಿತು. ಅದೇ ಕೆಲಸಕ್ಕೆ ಡಿಸೆಂಬರಲ್ಲಿ ಮೂರು ವಾರ ಬೇಕು. ತೆಗೆದಾಗ ಕರಿ ಪೊರೆ ಇರುತ್ತದೆ, ತೆಂಗಿನ ನಾರಲ್ಲಿ ಉಜ್ಜಿದರೆ ಹೋಗುತ್ತದೆ. ತುಕ್ಕು ತಿಂದ ಗುಳಿಗಳ ತಳ ಕೂಡ ಬೂದು ಬಣ್ಣಕ್ಕೆ ಬಂದಿತ್ತು. ಗ್ರೈಂಡರಿನ ಕಪ್ ಬ್ರಷ್ ಯಾವತ್ತೂ ಆ ತಳ ಮುಟ್ಟಲ್ಲ, ತುಕ್ಕಿನ ಮೇಲೆ ಪಾಲಿಶ್ ಮಾಡುತ್ತದೆ ಅಷ್ಟೇ.

ಒಣಗಿಸಿ, ಕತ್ತಲಲ್ಲಿ ಟ್ಯಾಂಕಿನೊಳಗೆ ಎಲ್‌ಇಡಿ ದೀಪ ಬಿಟ್ಟು ನೋಡಿದೆ. ಅಡಿಯಲ್ಲಿ ಏಳು ಸಣ್ಣ ತೂತು. ಪೆಟ್ರೋಲ್ ಟ್ಯಾಂಕಿಗೆ ಗ್ಯಾಸ್ ಹಚ್ಚೋದು ನನಗೆ ಎಂದೂ ಧೈರ್ಯ ಇಲ್ಲ. ಕಲಾಯಿ ಹಾಕೋ ಸಾಬರೊಬ್ಬರ ಹತ್ತಿರ ಒಯ್ದೆ. ಅವರು ಕಲಾಯಿಗೆ ಬಳಸೋ ಉಪ್ಪು, ನವಸಾಗರ ಸವರಿ, ಕಾಯಿಸಿದ ತಾಮ್ರದ ಕೋಲಲ್ಲಿ ತವರ ಹರಿಸಿದರು. ತಟ್ಟೆಗೆ ಕಲಾಯಿ ಹಾಕಿದಷ್ಟೇ ನಾಜೂಕು. 300 ಕೊಟ್ಟೆ, ಬೇಡ ಅಂದರು, ಜೇಬಿಗೆ ತುರುಕಿದೆ. ಆ ನವಸಾಗರವನ್ನ ಬಿಸಿನೀರು, ಸೋಡಾ ಪುಡಿ ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ಅದೇ ಮತ್ತೆ ತುಕ್ಕಿಗೆ ಬೀಜ.

ಎಡಗಡೆ ಹ್ಯಾಂಡಲ್ ಬಡಿದ ನೆಗ್ಗು ಮುಷ್ಟಿಯಷ್ಟಿತ್ತು. ಕೈ ಒಳಗೆ ಹೋಗಲ್ಲ. ಸೈಕಲ್ ಟ್ಯೂಬ್ ತುರುಕಿ ಗಾಳಿ ತುಂಬಿಸಿ ನೋಡಿದೆ. ಟ್ಯೂಬ್ ಢಮ್ ಅಂತು, ನೆಗ್ಗು ಅಲ್ಲೇ ಇತ್ತು. ಕೊನೆಗೆ ನಾಲ್ಕು ವಾಷರ್ ಅಂಟಿಸಿ ಕೊಕ್ಕೆ ಹಾಕಿ ಎಳೆದೆ, ಸುತ್ತಲ ದಿಣ್ಣೆಯನ್ನ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ. ಒಂದೇ ಸಲ ಎಳೆಯಬಾರದು. ಹಿಂದಿನ ಮಡ್‌ಗಾರ್ಡಿನ ತಗಡು ಹಿಗ್ಗಿ ಟಕ್ ಟಕ್ ಅಂತಿತ್ತು. ಎಂಟಾಣೆ ಅಗಲಕ್ಕೆ ಕೆಂಪಗೆ ಕಾಯಿಸಿ, ಎರಡು ತಟ್ಟಿ, ಒದ್ದೆ ಗೋಣಿ ಒತ್ತಿದೆ. ಮೂರನೇ ಚುಕ್ಕೆಗೆ ಸದ್ದು ನಿಂತಿತು.

ಇನ್ನು ಪ್ರೈಮರ್. ಇಲ್ಲೂ ಅಣ್ಣನ ಜೊತೆ ಜಗಳ. ನಮ್ಮ ಕಡೆ ಎಲ್ಲ ಬರೀ ತಗಡಿಗೆ ಪುಟ್ಟಿ, ಪುಟ್ಟಿ ಮೇಲೆ ಪ್ರೈಮರ್. ನಾನು ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ ಪುಟ್ಟಿ ಅಂದೆ. "ಕಿತ್ಕೊಂಡು ಬತ್ತದೆ ಕಣ್ಲಾ" ಅಂದ. ಅವನ ಮಾತು ಪೂರ್ತಿ ಸುಳ್ಳಲ್ಲ. ಒಂದು ಸಲ ಎಚಿಂಗ್ ಪ್ರೈಮರ್ ಮೇಲೆ ಪುಟ್ಟಿ ಎಳೆದು ನೋಡಿದ್ದೆ, ಸಿಪ್ಪೆ ಥರ ಬಂದಿತ್ತು. ಆ ಪ್ರೈಮರಲ್ಲಿ ಆ್ಯಸಿಡ್ ಇರುತ್ತದೆ, ಪುಟ್ಟಿಗೂ ಎಪಾಕ್ಸಿಗೂ ಅದರ ಜೊತೆ ಆಗಿ ಬರಲ್ಲ. ಎಪಾಕ್ಸಿ ಒಂದು ರಾತ್ರಿ ಕಳೆದರೆ ಪುಟ್ಟಿಯನ್ನ ಕಚ್ಚಿ ಹಿಡಿಯುತ್ತದೆ. ಎರಡು ಮೂರು ದಿನ ಬಿಟ್ಟರೆ ಮಾತ್ರ 180 ನಂಬರ್ ಉಜ್ಜೋ ಪೇಪರಲ್ಲಿ ಒರಟು ಮಾಡಿಕೊಳ್ಳಿ.

ಆಗ ಎಪಾಕ್ಸಿ ಲೀಟರಿಗೆ 1,000ದ ಆಸುಪಾಸು ಇತ್ತು, ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರಿನ ಮೂರರಷ್ಟು. ಗಿರಾಕಿಗೆ ಮೊದಲೇ ಹೇಳಿ. ತೊಳೆದ ತಗಡು ಗಂಟೆಯೊಳಗೆ ಕೆಂಪಗಾಗೋಕೆ ಶುರುವಾಗುತ್ತದೆ, ಹಾಗಾಗಿ ಬ್ಲೋವರಲ್ಲಿ ಮಡಿಕೆಯೊಳಗಿನ ನೀರು ಹಾರಿಸಿ, ತಗಡು ಇನ್ನೂ ಬೆಚ್ಚಗಿರುವಾಗ ತಿನ್ನರ್ ಒರೆಸಿ ಹೊಡೆದುಬಿಡಬೇಕು. ನನ್ನ ಮೊದಲ ಕೋಟ್ ಕೆಟ್ಟಿತು. ಒಳಗೆ ತುಕ್ಕು ಹಿಡಿಯದಿರಲಿ ಅಂತ ಟ್ಯಾಂಕಿಗೆ ಟೂ ಸ್ಟ್ರೋಕ್ ಆಯಿಲ್ ಹುಯ್ದಿದ್ದೆ. ಬಾಯಿಂದ ಒಂದು ಹನಿ ಜಾರಿ, ಪ್ರೈಮರಲ್ಲಿ ಮೈತುಂಬ ಫಿಶ್ ಐ, ಅಂದ್ರೆ ಮೀನಿನ ಕಣ್ಣಿನಂಥ ಗುಂಡು ಕುಳಿ. ಕೆರೆದು ಮತ್ತೆ ಹೊಡೆದೆ, ಅರ್ಧ ಲೀಟರ್ ಹೋಯಿತು. ಈಗ ಪೇಂಟ್ ಎಲ್ಲ ಮುಗಿದ ಮೇಲೇ ಆಯಿಲ್.

ಪುಟ್ಟಿ ಕಾಗದದಷ್ಟು ತೆಳುವಾಗಿ ಮೂರು ಎಳೆತ. ಉಜ್ಜೋದು ಒಣದು, 80ರಿಂದ 220ರವರೆಗೆ, ಮರದ ತುಂಡಿಗೆ ಸುತ್ತಿ. ನೀರು ಮುಟ್ಟಿಸಲಿಲ್ಲ. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ, ನಾನು ಹಾಕದೆ ವಾರ ಕೆಮ್ಮಿದೆ. ಮೈ ನುಣುಪು ಮಾಡೋ ಸರ್ಫೇಸರ್ ಮೂರು ಕೋಟ್ ಆದ ಮೇಲೆ 600ರ ವಾಟರ್ ಪೇಪರ್. ಆಮೇಲಿನದು ಎಲ್ಲರಿಗೂ ಗೊತ್ತು.

ಎಲ್ಲ ಸೇರಿ ಖರ್ಚು 6,000 ದಾಟಿತು, 14,000 ತಗೊಂಡೆ. ಒಂದೂವರೆ ತಿಂಗಳಿಗೆ ದೊಡ್ಡ ಲಾಭ ಏನಲ್ಲ. ಆದರೆ ಡ್ರಮ್ಮಿನ ನೀರು ಮತ್ತೆ ನಾಲ್ಕು ಗಾಡಿಗೆ ಬಂತು.

ಪೇಂಟರ್ ಅಣ್ಣ ಹೋದ ತಿಂಗಳು ಒಂದು ಚೇತಕ್ ಡಿಕ್ಕಿ ತಂದು ಡ್ರಮ್ಮಿನ ಪಕ್ಕ ಇಟ್ಟು, ಏನೂ ಮಾತಾಡದೆ ಹೋದ. 400 ತಗೊಂಡೆ.

ಈಗಿನ ತಲೆನೋವು ಟ್ರ್ಯಾಕ್ಟರ್ ಬಾನೆಟ್. ಡ್ರಮ್ಮಿಗೆ ಹಿಡಿಯಲ್ಲ. ಶೆಡ್ಡಿನ ಹಿಂದೆ ಮೊಳಕಾಲುದ್ದ ಗುಂಡಿ ತೋಡಿ, ಟಾರ್ಪಾಲ್ ಹಾಸಿ ಬೆಲ್ಲದ ನೀರು ತುಂಬಿಸಿದ್ದೇನೆ. ಮೊದಲ ದಿನವೇ ಎದುರುಮನೆ ಎಮ್ಮೆ ಬಂದು ಮೂತಿ ಇಟ್ಟಿತು. ಸುತ್ತ ಜಾಲಿಮುಳ್ಳು ಹಾಕಿದೆ. ಇವತ್ತಿಗೆ ಆರು ದಿನ, ಒಂದು ಮೂಲೆ ಬೂದು ಬಣ್ಣಕ್ಕೆ ತಿರುಗಿದೆ.