ಚಾಂಡ್ಲರ್‌ಗೆ ಬರುವವರು ಮೊದಲು ಗಡಿಯಾರ ನೋಡಿ

ಅರಿಜೋನಾದ ಚಾಂಡ್ಲರ್‌ನಲ್ಲಿ ಕೆಲಸ ಸಿಕ್ಕವರೆಲ್ಲ ಮೊದಲು ಕೇಳುವುದು ತಿಂಗಳ ಖರ್ಚು ಎಷ್ಟಾಗುತ್ತದೆ ಎಂದು. ಕ್ಯಾಲಿಫೋರ್ನಿಯಾದಿಂದ ಬರುವವರಿಗೆ ಬಾಡಿಗೆ ಹಗುರ ಎನಿಸುತ್ತದೆ. ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಒಂದೇ, ಶೇ. 2.5. ಆದರೆ ಈ ಊರಿನಲ್ಲಿ ಯಾವ ಕೆಲಸವನ್ನು ಎಷ್ಟು ಹೊತ್ತಿಗೆ ಮಾಡುತ್ತೀರಿ ಎಂಬುದರ ಮೇಲೆ ಖರ್ಚೂ ನಿಂತಿದೆ, ಆರೋಗ್ಯವೂ ನಿಂತಿದೆ.

ನಾವು ಮೊದಲು ಹಿಡಿದದ್ದು ಮೂರನೇ ಮಹಡಿಯ, ಪಡುವಣಕ್ಕೆ ಮುಖ ಮಾಡಿದ ಮನೆ. ಮಾರ್ಚ್‌ನಲ್ಲಿ ನೋಡಲು ಹೋದಾಗ ಬಾಲ್ಕನಿಯಿಂದ ಸೂರ್ಯಾಸ್ತ ಕಂಡು ಮನಸೋತೆವು. ಜುಲೈಯಲ್ಲಿ ರಾತ್ರಿ ಹತ್ತು ಗಂಟೆಗೆ ಮಗುವನ್ನು ಮಲಗಿಸುವಾಗ ಕೋಣೆಯ ಗೋಡೆಗೆ ಅಂಗೈ ಇಟ್ಟರೆ, ದೋಸೆ ಹುಯ್ದು ಮುಗಿಸಿ ಆರಲು ಬಿಟ್ಟ ಹೆಂಚಿನಂತೆ ಬೆಚ್ಚಗಿರುತ್ತಿತ್ತು. ಆ ತಿಂಗಳ ಕರೆಂಟು ಬಿಲ್ಲು ಫೆಬ್ರವರಿಯದಕ್ಕಿಂತ ಮೂರು ಪಟ್ಟು ಬಂದಿತ್ತು. ಆದ್ದರಿಂದ ಮೇಲ್ಮಹಡಿ, ಪಡುವಣದ ದೊಡ್ಡ ಕಿಟಕಿ ಎರಡೂ ಕೂಡಿರುವ ಮನೆ ಬೇಡ. ಬಾಡಿಗೆ ಐವತ್ತು ಡಾಲರ್ ಕಡಿಮೆ ಎಂದರೂ ಬೇಡ. ಇನ್ನೊಂದು ಮಾತು: 2025ರ ಜನವರಿಯಿಂದ ಅರಿಜೋನಾದಲ್ಲಿ ವಾಸದ ಮನೆಯ ಬಾಡಿಗೆಯ ಮೇಲೆ ನಗರಗಳು ತೆರಿಗೆ ಹಾಕುವಂತಿಲ್ಲ. ಕರಾರಿನಲ್ಲಿ ಆ ಸಾಲು ಕಂಡರೆ ಸಹಿ ಮಾಡುವ ಮೊದಲೇ ಕೇಳಿ.

ವಿದ್ಯುತ್ ಕೊಡುವುದು ಸಾಲ್ಟ್ ರಿವರ್ ಪ್ರಾಜೆಕ್ಟ್ ಅಥವಾ ಅರಿಜೋನಾ ಪಬ್ಲಿಕ್ ಸರ್ವಿಸ್. ಯಾವುದು ಎನ್ನುವುದು ನಿಮ್ಮ ವಿಳಾಸದ ಮೇಲೆ ಹೋಗುತ್ತದೆ, ಆಯ್ಕೆ ನಿಮ್ಮದಲ್ಲ. ನಿಮಗೆ ಆಯ್ಕೆ ಇರುವುದು ದರದ ಯೋಜನೆಯಲ್ಲಿ. ಹೊತ್ತಿಗೆ ತಕ್ಕ ದರದ ಯೋಜನೆ ತೆಗೆದುಕೊಂಡರೆ ವಾರದ ದಿನಗಳಲ್ಲಿ ಕೆಲವು ಗಂಟೆ ಯೂನಿಟ್ಟು ಬಹಳ ದುಬಾರಿ, ಉಳಿದ ಹೊತ್ತು ಅಗ್ಗ. ಆ ಗಂಟೆಗಳನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ದುಬಾರಿ ಹೊತ್ತು ಶುರುವಾಗುವ ಮೊದಲೇ ಎರಡು ಗಂಟೆ ಏಸಿ ಹಾಕಿ ಮನೆಯನ್ನು ಚೆನ್ನಾಗಿ ತಣಿಸಿ, ಪರದೆ ಎಳೆದು, ಆಮೇಲೆ ಏಸಿಯನ್ನು ನಾಲ್ಕೈದು ಡಿಗ್ರಿ ಏರಿಸಿಬಿಡಿ. ನಮ್ಮ ಮನೆಯಲ್ಲಿ ಬೇಳೆ ಬೇಯುವುದು ಬೆಳಗಿನ ಆರಕ್ಕೆ, ಬಟ್ಟೆ ಒಗೆಯುವುದು ರಾತ್ರಿ ಮಲಗುವ ಮುಂಚೆ. ಸಂಜೆ ಒಲೆಯ ಮುಂದೆ ನಿಲ್ಲುವ ಅಭ್ಯಾಸ ಬಿಡಲು ನನಗೆ ಎರಡು ವರ್ಷ ಹಿಡಿಯಿತು.

ಸೆಕೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರಲ್ಲಿ ಪಕ್ಕದ ಫೀನಿಕ್ಸ್‌ ನಗರದಲ್ಲಿ ಸತತ 31 ದಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು ಅಥವಾ ದಾಟಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲು. ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುವುದರಿಂದ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ವಾಕಿಂಗ್ ಏನಿದ್ದರೂ ಬೆಳಗಿನ ಐದಕ್ಕೆ, ಕಾಲುವೆಯ ದಂಡೆಯ ಮೇಲೆ. ಊರಿಂದ ಅಪ್ಪ ಅಮ್ಮ ಬರುವುದಾದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕರೆಸಿ. ನಾವು ಒಮ್ಮೆ ಜೂನ್‌ನಲ್ಲಿ ಕರೆಸಿ, ಅವರು ಎರಡು ತಿಂಗಳು ಕಿಟಕಿಯ ಬಳಿ ಕೂತು ದಿನ ಎಣಿಸಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಮಕ್ಕಳ ಶಾಲೆ ಜುಲೈಯಲ್ಲೇ ತೆರೆಯುತ್ತದೆ, ಊರಿಗೆ ಹೋಗುವ ಟಿಕೆಟ್ ಬುಕ್ ಮಾಡುವ ಮೊದಲು ಅದನ್ನು ನೋಡಿಕೊಳ್ಳಿ.

ಬಸ್ಸನ್ನು ನಂಬಿ ಸಂಸಾರ ಮಾಡುವುದು ಕಷ್ಟ, ಕಾರು ಬೇಕೇ ಬೇಕು. ಬಿಸಿಲಿಗೆ ಬ್ಯಾಟರಿ ಎರಡು ಮೂರು ವರ್ಷಕ್ಕೇ ಕೈಕೊಡುತ್ತದೆ, ಖರ್ಚಿನ ಲೆಕ್ಕದಲ್ಲಿ ಅದನ್ನೂ ಸೇರಿಸಿ. ಮಳೆಗಾಲದ ಹೊತ್ತಿಗೆ ಬರುವ ಧೂಳಿನ ಗೋಡೆಯ ಬಗ್ಗೆ ಮಾತ್ರ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ ರಸ್ತೆ ಬಿಟ್ಟು ಸಾಧ್ಯವಾದಷ್ಟು ದೂರ ಸರಿದು ನಿಲ್ಲಿ. ಎಲ್ಲ ದೀಪ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆ ಎಂದುಕೊಂಡು ನಿಮ್ಮ ಮೇಲೆ ಬರುತ್ತಾರೆ. ಈ ಧೂಳಿನ ಶಿಲೀಂಧ್ರದಿಂದ ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಕಾಯಿಲೆಯೂ ಬರುತ್ತದೆ. ವಾರಗಟ್ಟಲೆ ಕೆಮ್ಮು, ಸುಸ್ತು ಬಿಡದಿದ್ದರೆ ವೈದ್ಯರ ಬಳಿ ಆ ಹೆಸರು ಹೇಳಿ ಪರೀಕ್ಷೆ ಮಾಡಿಸಿ.

ಅರಿಜೋನಾದಲ್ಲಿ, ನವಾಹೋ ಮೂಲನಿವಾಸಿಗಳ ಸೀಮೆಯೊಂದನ್ನು ಬಿಟ್ಟು, ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಪದ್ಧತಿಯಿಲ್ಲ. ಹಾಗಾಗಿ ಊರಿಗೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆಯ ಅಂತರ. ನಮ್ಮ ಬೆಳಗಿನ ಎಂಟಕ್ಕೆ ಅಲ್ಲಿ ರಾತ್ರಿ ಎಂಟೂವರೆ, ಅಮ್ಮನ ಊಟ ಮುಗಿದಿರುತ್ತದೆ. ಫೋನಿನ ಹೊತ್ತು ಒಮ್ಮೆ ಗೊತ್ತಾದರೆ ಮತ್ತೆ ಬದಲಿಸಬೇಕಿಲ್ಲ. ಹಬ್ಬಕ್ಕೆ ಪಕ್ಕದ ಮಾರಿಕೋಪಾದ ಮಹಾಗಣಪತಿ ದೇವಸ್ಥಾನಕ್ಕೆ ಬನ್ನಿ, ಕನ್ನಡದವರು ಸಿಕ್ಕೇ ಸಿಗುತ್ತಾರೆ.

ಬಿಸಿಲಿನಿಂದ ಲಾಭವೂ ಇದೆ. ಮೇ ತಿಂಗಳಲ್ಲಿ ಹಿತ್ತಲಿನಲ್ಲಿ ಬಿಳಿ ಪಂಚೆ ಹಾಸಿ ಬೆಳಿಗ್ಗೆ ಸಂಡಿಗೆ ಇಟ್ಟರೆ ಸಂಜೆಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ದೋಸೆ ಹಿಟ್ಟನ್ನು ಮಾತ್ರ ಬೇಸಿಗೆಯಲ್ಲಿ ರಾತ್ರಿಯೆಲ್ಲ ಹೊರಗೆ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಹುಳಿ ಮೂಗಿಗೆ ಹೊಡೆಯುತ್ತದೆ. ಕರಿಬೇವು ಕುಂಡದಲ್ಲಿ ಚೆನ್ನಾಗಿ ಬರುತ್ತದೆ. ಜೂನ್‌ನಲ್ಲಿ ಮಧ್ಯಾಹ್ನದ ನೆರಳು ಕೊಡಿ, ಡಿಸೆಂಬರ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಕುಂಡವನ್ನು ಒಳಗೆ ತನ್ನಿ. ಸಸಿ ಬೇಕಾದವರು ಫೆಬ್ರವರಿ ಕಳೆದ ಮೇಲೆ ಕೇಳಿ, ನಮ್ಮ ಗಿಡದ ಬುಡದಲ್ಲಿ ಪ್ರತಿ ವರ್ಷ ನಾಲ್ಕೈದು ಮರಿ ಬರುತ್ತವೆ.