ಹಳೇ ಲೋಗೋ ಹೊಸದು ಮಾಡಬೇಕಾ? ಮೊದಲು ಫೈರ್‌ಫಾಕ್ಸ್‌ನ ನರಿಯನ್ನು ನೋಡಿ

ಉಡುಪಿಯ ರಥಬೀದಿ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ಫ್ಲೆಕ್ಸ್, ಪ್ಯಾಕೆಟಿನ ಸ್ಟಿಕ್ಕರ್, ಇವೇ ದಿನದ ಕೆಲಸ. ಇತ್ತೀಚೆಗೆ ಜಾಸ್ತಿ ಜನ ಬಂದು ಕೇಳುವುದು ಒಂದೇ: ‘ನಮ್ಮ ಲೋಗೋ ಹಳತಾಯ್ತು, ಹೊಸತು ಮಾಡಿಕೊಡಿ.’ ನಾನು ಕೂಡಲೇ ಬಿಡಿಸಲು ಕೂರುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರಿನ ಲೋಗೋ ಹೇಗೆ ಬದಲಾಗುತ್ತ ಬಂತು ಅಂತ ಮೊದಲು ತೋರಿಸುತ್ತೇನೆ. ಏನನ್ನು ತೆಗೆಯಬಹುದು, ಏನನ್ನು ಮುಟ್ಟಲೇಬಾರದು ಅಂತ ಕಲಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಕೆಲಸವನ್ನೇ ಹಿಡಿದು ಹೇಳುತ್ತೇನೆ. ಪೆರ್ಡೂರು ಕಡೆಯ ಅಕ್ಕ ಒಬ್ಬರು ಮನೆಯಲ್ಲಿ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಅವರ ಲೋಗೋದಲ್ಲಿ ಒಂದು ಹಲಸಿನ ಹಣ್ಣು, ಅದರ ಒಂದೊಂದು ಮುಳ್ಳೂ ಬೇರೆ ಬೇರೆ. ಮೇಲೆ ಎರಡು ಎಲೆ, ಪಕ್ಕದಲ್ಲಿ ಕಾಲುದೀಪ, ಹಿಂದೆ ಕೆಂಪು ಬಣ್ಣ, ಸುತ್ತ ಬಳಸಿ ಬಂದ ಹೆಸರು. ದೊಡ್ಡ ಬೋರ್ಡಿನಲ್ಲಿ ಚಂದವೇ. ಆದರೆ ವಾಟ್ಸಾಪ್‌ನ ಸಣ್ಣ ವೃತ್ತದಲ್ಲಿ ಏನೂ ತಿಳಿಯುತ್ತಿರಲಿಲ್ಲ. ‘ತಮ್ಮಾ, ಇದು ಹಲಸಾ, ಮುಳ್ಳುಹಂದಿಯಾ ಅಂತ ಕೇಳ್ತಾರೆ’ ಎಂದರು ಅಕ್ಕ.

ಮೊದಲ ಕೆಲಸ, ಹಳೆಯದನ್ನೆಲ್ಲ ಒಟ್ಟು ಮಾಡುವುದು. ಮೊದಲ ಪ್ಯಾಕೆಟ್, ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ, ಏನಿದ್ದರೂ ತರಲು ಹೇಳಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಅಳತೆಗೆ ತಂದು, ವರ್ಷದ ಕ್ರಮದಲ್ಲಿ ಒಂದು ಎ3 ಹಾಳೆಯಲ್ಲಿ ಸಾಲಾಗಿ ಪ್ರಿಂಟ್ ತೆಗೆಯಿರಿ. ಫೈರ್‌ಫಾಕ್ಸ್‌ನದ್ದೂ ಹೀಗೇ ಒಂದು ಹಾಳೆ ಮಾಡಿ ಇಟ್ಟಿದ್ದೇನೆ. ಆ ಬ್ರೌಸರಿಗೆ 2002ರಲ್ಲಿ ಫೀನಿಕ್ಸ್ ಅಂತ ಹೆಸರು. 2003ರಲ್ಲಿ ಫೈರ್‌ಬರ್ಡ್ ಆಯಿತು. ಎರಡೂ ಹೆಸರು ಬೇರೆಯವರ ಬಳಿ ಮೊದಲೇ ಇದ್ದವು, ಬಿಡಬೇಕಾಯಿತು. 2004ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು, ಜೊತೆಗೆ ನೀಲಿ ಭೂಮಿಯನ್ನು ಸುತ್ತಿಕೊಂಡ ಕಿತ್ತಳೆ ನರಿ. ಡೇನಿಯಲ್ ಬರ್ಕಾ ಅವರ ಕಲ್ಪನೆ, ಸ್ಟೀಫನ್ ಡೆರೋಷ್ ಅವರ ಸ್ಕೆಚ್, ಅಂತಿಮ ಚಿತ್ರ ಜಾನ್ ಹಿಕ್ಸ್ ಅವರದ್ದು. ನಿಜ ಹೇಳಬೇಕೆಂದರೆ ಫೈರ್‌ಫಾಕ್ಸ್ ಅಂದರೆ ಕೆಂಪು ಪಾಂಡಾ. ಆದರೆ ಹಿಕ್ಸ್‌ಗೆ ಪಾಂಡಾ ಸರಿ ಕಾಣಲಿಲ್ಲ, ನರಿಯನ್ನೇ ಬಿಡಿಸಿದರು. ನೋಡುವವರಿಗೆ ಗುರುತು ಸಿಗುವ ಪ್ರಾಣಿ ಅದು, ಅಲ್ವಾ? ಆ ತೀರ್ಮಾನ ನನಗೆ ತುಂಬಾ ಇಷ್ಟ.

ಎರಡನೆಯದು, ಹಳೇ ಗಿರಾಕಿಗಳ ಕೈಗೆ ಪೆನ್ನು ಕೊಡುವುದು. ‘ಈ ಹಪ್ಪಳದ ಪ್ಯಾಕೆಟಿನ ಮೇಲೆ ಇರುವ ಚಿತ್ರ ನೆನಪಿನಿಂದ ಬಿಡಿಸಿ’ ಅನ್ನಿ. ಚಂದ ಬರಬೇಕಿಲ್ಲ, ಗೀಚಿದರೆ ಸಾಕು. ಅಕ್ಕನ ಗಿರಾಕಿಗಳು ಬಿಡಿಸಿದ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಒಂದು ಕಡೆ ವಾಲಿದ ಉದ್ದದ ಹಣ್ಣು, ದಪ್ಪ ತೊಟ್ಟು, ಅಲ್ಲಲ್ಲಿ ಮುಳ್ಳು. ಇಷ್ಟು ಎಲ್ಲರದ್ದರಲ್ಲೂ ಇತ್ತು. ಎಲೆಯನ್ನು ಕೆಲವರು ಹಾಕಿದ್ದರು. ದೀಪವನ್ನು ಯಾರೂ ಹಾಕಿರಲಿಲ್ಲ. ದೀಪ ತೆಗೆಯಲು ಅಕ್ಕನಿಗೆ ಮನಸ್ಸಿರಲಿಲ್ಲ, ಆದರೆ ಆ ಕಾಗದಗಳನ್ನು ನೋಡಿ ಅವರೇ ಒಪ್ಪಿದರು.

ಮೂರನೆಯದು ಮುಖ್ಯ, ಇಲ್ಲಿ ಅವಸರ ಮಾಡಬೇಡಿ. ಬ್ರೌಸರಿನ ಟ್ಯಾಬಿನಲ್ಲಿ ಪುಟದ ಹೆಸರಿನ ಪಕ್ಕ ಕಾಣುವ ಪುಟ್ಟ ಚಿತ್ರ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಒಟ್ಟು 256 ಚುಕ್ಕಿ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಯೋಚಿಸಿ: ಅಷ್ಟು ಚುಕ್ಕಿಯಲ್ಲಿ ಏನು ಹಿಡಿಸುತ್ತದೆ? ಫೈರ್‌ಫಾಕ್ಸ್‌ನವರಿಗೂ ಇದೇ ಪ್ರಶ್ನೆ ಇತ್ತು. 2004ರ ನರಿಯ ಮೈಮೇಲೆ ಕೂದಲು, ಭೂಮಿಯ ಮೇಲೆ ಖಂಡಗಳು ಎಲ್ಲ ಇದ್ದವು. 2009ರಲ್ಲಿ ಇನ್ನೂ ಹೊಳಪು ಬಂತು. ಆಗಿನ ರೂಢಿಯೇ ಹಾಗೆ, ಎಲ್ಲವೂ ಗಾಜಿನ ಹಾಗೆ ಮಿನುಗಬೇಕು. 2013ರಲ್ಲಿ, ಫೋನ್ ಎಲ್ಲರ ಕೈಗೆ ಬರುತ್ತಿದ್ದಾಗ, ಹೊಳಪು ಇಳಿಯಿತು, ಬಾಲದ ಎಳೆಗಳು ಕಡಿಮೆಯಾದವು. 2017ರಲ್ಲಿ ಖಂಡಗಳು ಪೂರ್ತಿ ಹೋದವು, ಬಣ್ಣ ಗಾಢವಾಯಿತು. 2019ರಲ್ಲಿ ಭೂಮಿ ಬರೀ ನೇರಳೆ ಉಂಡೆ, ಅದರ ಸುತ್ತ ನರಿಯ ತಲೆ ಮತ್ತು ಬೆಂಕಿಯಂಥ ಬಾಲ. ಹದಿನೈದು ವರ್ಷದಲ್ಲಿ ಇಷ್ಟೆಲ್ಲ ಹೋದರೂ ದುಂಡನೆಯ ಕಿತ್ತಳೆ ಸುತ್ತು, ನಡುವಿನ ತಣ್ಣನೆ ಬಣ್ಣ, ಚೂಪಾದ ಬಾಲದ ತುದಿ ಉಳಿದವು. ಹಳೆಯ ಮತ್ತು ಹೊಸ ಲೋಗೋಗಳನ್ನು ಪಕ್ಕಪಕ್ಕ ಇಟ್ಟು ಕಣ್ಣು ಅರೆಮುಚ್ಚಿ ನೋಡಿ, ಎರಡೂ ಒಂದೇ ಅನಿಸುತ್ತದೆ.

ನಿಮ್ಮ ಲೋಗೋವನ್ನೂ ಹೀಗೇ ಇಳಿಸುತ್ತ ಬನ್ನಿ. ಮೊದಲು ಬಣ್ಣ ಪೂರ್ತಿ ತೆಗೆದು ಕಪ್ಪು ಮಾತ್ರ ಇಡಿ. ಆಮೇಲೆ 256, 48, 32, 16 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ. ಪ್ರತಿ ಅಳತೆಯಲ್ಲೂ ಕಲಸಿಹೋಗುವುದನ್ನು ತೆಗೆಯಿರಿ. ಅಕ್ಕನ ಹಲಸಿನ ಮುಳ್ಳುಗಳೆಲ್ಲ 48ಕ್ಕೇ ಮಬ್ಬಾದವು. ಒಳಗಿನ ಮುಳ್ಳು ತೆಗೆದು, ಅಂಚಿನಲ್ಲಿ ಮಾತ್ರ ದಪ್ಪ ಹಲ್ಲುಗಳನ್ನು ಬಿಟ್ಟೆವು. ಹಣ್ಣಿನ ಒಳಗೆ ಬರೀ ಮೂರು ಚುಕ್ಕಿ. ಈಗ 32ರಲ್ಲಿ ಹಲಸು ಹಲಸೇ. 16ಕ್ಕೆ ಬೇರೆಯೇ ಚಿತ್ರ ಬೇಕು: ಎಲೆ ಇಲ್ಲ, ಚುಕ್ಕಿ ಇಲ್ಲ, ಹಣ್ಣು ಮತ್ತು ತೊಟ್ಟು ಅಷ್ಟೇ. ಒಂದೇ ಫೈಲನ್ನು ಸುಮ್ನೆ ಕುಗ್ಗಿಸಿ ಕೊಡಬೇಡಿ.

ಬಣ್ಣದ ವಿಷಯಕ್ಕೆ ಗೂಗಲ್‌ನ ಕ್ರೋಮ್ ಬ್ರೌಸರಿನ ಲೋಗೋ ನೋಡಿ. 2008ರಲ್ಲಿ ಉಬ್ಬಿದ, ಹೊಳೆಯುವ ಚೆಂಡಿನ ಹಾಗಿತ್ತು. 2011ರಲ್ಲಿ ಚಪ್ಪಟೆಯಾಯಿತು. 2022ರಲ್ಲಿ ಒಳಗಿನ ನೆರಳುಗಳನ್ನೂ ತೆಗೆದರು. ಆಗ ಹಸಿರು, ಕೆಂಪು ನೇರ ಅಕ್ಕಪಕ್ಕ ಬಂದು ಗಡಿಯಲ್ಲಿ ಕಣ್ಣಿಗೆ ಅದುರಿದ ಹಾಗೆ ಕಂಡಿತು. ಅದನ್ನು ಸರಿಮಾಡಲು ಗೊತ್ತೇ ಆಗದಷ್ಟು ತೆಳುವಾದ ಬಣ್ಣದ ಇಳಿತ (ಗ್ರೇಡಿಯೆಂಟ್, ಅಂದರೆ ಬಣ್ಣ ನಿಧಾನವಾಗಿ ಬದಲಾಗುತ್ತ ಹೋಗುವುದು) ಕೊಟ್ಟರು. ನಮ್ಮ ಹಲಸಿನಲ್ಲೂ ಕೆಂಪು ಹಿನ್ನೆಲೆಯ ಮೇಲೆ ಹಸಿರು ಎಲೆ ಇತ್ತು, ಅದೇ ತೊಂದರೆ. ಸ್ಟಿಕ್ಕರ್ ಪ್ರಿಂಟ್‌ನಲ್ಲಿ ಆ ಥರ ನವಿರಾದ ಇಳಿತ ನಿಲ್ಲುವುದಿಲ್ಲ. ಹಾಗಾಗಿ ನಡುವೆ ತೆಳು ಕೆನೆಬಣ್ಣದ ಗೆರೆ ಹಾಕಿದೆ.

ಇನ್ನು ಕನ್ನಡ ಅಕ್ಷರ. ‘ಹಪ್ಪಳ’ ಎಂಬುದನ್ನು ವೃತ್ತದ ಮೇಲೆ ಬಾಗಿಸಿದರೆ ‘ಪ್ಪ’ದ ಒತ್ತು ಕೆಳಗಿಳಿದು ಹಣ್ಣಿನ ತೊಟ್ಟಿಗೆ ತಾಗುತ್ತದೆ. ಹಳೇ ನುಡಿ ಫಾಂಟ್‌ನಲ್ಲಂತೂ ಒತ್ತು ಬೇರೆ ಅಕ್ಷರವಾಗಿ ಕೂತಿರುವುದರಿಂದ ಅದೊಂದೇ ಓರೆಯಾಗಿ ಜಾರುತ್ತದೆ. ಹೆಸರನ್ನು ಚಿತ್ರದ ಕೆಳಗೆ ನೇರ ಸಾಲಿನಲ್ಲಿ ಇಡಿ. ಬಾಗಿಸಲೇಬೇಕು ಅಂದರೆ ಮೊದಲು ಅಕ್ಷರಗಳನ್ನು ‘ಕರ್ವ್’ ಮಾಡಿ, ಅಂದರೆ ಫಾಂಟಿನಿಂದ ಬಿಡಿಸಿ ಚಿತ್ರದ ಗೆರೆಗಳಾಗಿಸಿ, ಒತ್ತನ್ನು ಅದರ ಅಕ್ಷರದ ಜೊತೆ ಗ್ರೂಪ್ ಮಾಡಿ, ಆಮೇಲೆ ಒಂದೊಂದನ್ನೇ ಕೈಯಿಂದ ತಿರುಗಿಸಿ ಕೂರಿಸಿ. ಸಮಯ ಹಿಡಿಯುತ್ತದೆ ಮಾರಾಯ್ರೆ, ಆದರೆ ಬೇರೆ ದಾರಿ ಇಲ್ಲ.

ಬದಲಾವಣೆಯನ್ನು ಗಿರಾಕಿಗಳಿಗೆ ತಿಳಿಸುವುದೂ ಕೆಲಸದ ಭಾಗವೇ. 2019ರಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದವರು ಬ್ರೌಸರಿನ ಲೋಗೋ ಜೊತೆಗೆ, ಫೈರ್‌ಫಾಕ್ಸ್ ಹೆಸರಿನ ಎಲ್ಲ ಸೇವೆಗಳಿಗೂ ಸೇರಿಸಿ ಇನ್ನೊಂದು ಗುರುತು ತಂದರು. ಅದರಲ್ಲಿ ನರಿಯ ತಲೆ ಇರಲಿಲ್ಲ. ಬ್ರೌಸರಿನಿಂದಲೇ ನರಿ ಹೋಯಿತು ಅಂತ ಜನ ತಿಳಿದರು, ಮೀಮ್‌ಗಳು ಓಡಾಡಿದವು. ಕೊನೆಗೆ 2021ರಲ್ಲಿ ‘ನರಿ ಎಲ್ಲೂ ಹೋಗಿಲ್ಲ’ ಅಂತ ಅವರೇ ಹೇಳಬೇಕಾಯಿತು. ಜನರಿಗೆ ಒಂದು ಚಿತ್ರದ ಮೇಲೆ ಅಷ್ಟು ಮಮತೆ ಇರುತ್ತದೆ. ಅದಕ್ಕೇ ಹಳೇ ಪ್ಯಾಕೆಟ್ ಮುಗಿಯುವವರೆಗೆ ಎರಡನ್ನೂ ಅಂಗಡಿಯಲ್ಲಿ ಪಕ್ಕಪಕ್ಕ ಇಡಿ. ಹೊಸ ಪ್ಯಾಕೆಟಿನ ಹಿಂದೆ ಹಳೇ ಲೋಗೋವನ್ನು ಸಣ್ಣದಾಗಿ ಹಾಕಿ, ‘ಹಪ್ಪಳ ಅದೇ, ಚಿತ್ರ ಹೊಸದು’ ಅಂತ ಒಂದು ಸಾಲು ಬರೆಯಿರಿ.

ಕೆಲಸ ಮುಗಿದ ಮೇಲೆ ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರ) ಮತ್ತು ಪಿಡಿಎಫ್ ಫೈಲು, ಬರೀ ಕಪ್ಪಿನದ್ದೊಂದು, ಫೋನಿಗೆ 512 ಪಿಕ್ಸೆಲ್‌ನ ಪಿಎನ್‌ಜಿ, 16ರ ಬೇರೆ ಚಿತ್ರ, ಬಣ್ಣದ ಸಿಎಂವೈಕೆ ಅಂಕಿಗಳು (ಪ್ರಿಂಟಿನ ನಾಲ್ಕು ಶಾಯಿಗಳ ಪ್ರಮಾಣ), ಇಷ್ಟನ್ನೂ ಪೆನ್‌ಡ್ರೈವಿಗೆ ಹಾಕಿ ಗಿರಾಕಿಯ ಕೈಗೇ ಕೊಡಿ. ನಾಳೆ ಅವರು ಕುಂದಾಪುರದಲ್ಲೋ ಮಂಗಳೂರಿನಲ್ಲೋ ಪ್ರಿಂಟ್ ಹಾಕಿಸಿದರೂ ಹಲಸು ಹೀಗೇ ಬರಬೇಕು.