ತಿಂಗಳಿಗೆ ಒಂದೂವರೆ ಸಾವಿರದಲ್ಲಿ ಡಿಸೈನರ್ ಟಾಯ್ಸ್: ನನ್ನ ಅನುಭವ

ಬೆಳಗಾವಿಯಲ್ಲಿ ಕೂತು, ತಿಂಗಳಿಗೆ 1,500 ರೂಪಾಯಿ ಒಳಗೆ ಡಿಸೈನರ್ ಟಾಯ್ಸ್, ಅಂದ್ರೆ ಕಲಾವಿದರು ರೂಪಿಸಿದ, ಆಡೋದಕ್ಕಿಂತ ಕೂಡಿಟ್ಟು ನೋಡೋ ಗೊಂಬೆಗಳನ್ನು ಕೂಡಿಸೋದು ಆಗದ ಮಾತು ಅಂತ ನನಗೆ ಬಹಳ ಜನ ಹೇಳಿದ್ದರು. ಬೆಂಗಳೂರಿನ ಗೆಳೆಯನೊಬ್ಬ "ಇದು ದುಡ್ಡಿದ್ದವರ ಶೋಕಿ, ನೀನು ಕೀಚೈನ್ ಕೂಡಿಸು ಸಾಕು" ಅಂದಿದ್ದ. ಅವ್ವ ಅಂತೂ "ಇಷ್ಟ ವಯಸ್ಸಾತು, ಇನ್ನ ಗೊಂಬಿ ಆಡ್ತೀಯೇನೋ" ಅಂತ ಈಗಲೂ ಕೇಳುತ್ತಾಳೆ. ಇರಲಿ. ಈಗ ನನ್ನ ಗಾಜಿನ ಕಪಾಟಿನಲ್ಲಿ ಅರವತ್ತಕ್ಕೂ ಜಾಸ್ತಿ ಫಿಗರ್ ನಿಂತಿವೆ. ಎರಡು ವರ್ಷದಲ್ಲಿ ಕೈಯಿಂದ ಹೋದದ್ದು, ಮಾರಿ ಬಂದದ್ದನ್ನು ಕಳೆದರೆ, 35,000ದ ಆಸುಪಾಸು. ಒಂದೂ ನಕಲಿ ಇಲ್ಲ.

ಇವು ಹೆಚ್ಚಾಗಿ ಬರೋದು ಬ್ಲೈಂಡ್ ಬಾಕ್ಸ್‌ನಲ್ಲಿ, ಸೆಟ್‌ನ ಯಾವ ಫಿಗರ್ ಒಳಗಿದೆ ಅಂತ ಬಿಚ್ಚೋ ತನಕ ಗೊತ್ತಾಗಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ, ಯಾಕಂದ್ರೆ ನನ್ನ ಇಡೀ ಪದ್ಧತಿ ಅದರ ಮೇಲೇ ನಿಂತಿದೆ. 12 ಫಿಗರ್‌ಗಳ ಸೆಟ್ ಅನ್ನು ಬಿಡಿ ಬಿಡಿ ಬಾಕ್ಸ್ ತಗೊಂಡು ಪೂರ್ತಿ ಮಾಡಬೇಕಾದರೆ ಸರಾಸರಿ 37 ಬಾಕ್ಸ್ ಬೇಕು. 6ರ ಸೆಟ್‌ಗೂ 15ರ ಹತ್ತಿರ ಹೋಗುತ್ತದೆ. ಅದೇ ಸೀಲ್ ಒಡೆಯದ ಕೇಸ್, ಅಂದ್ರೆ ಇಡೀ ಸೆಟ್‌ನಷ್ಟು ಬಾಕ್ಸ್ ಇರುವ ಪೆಟ್ಟಿಗೆ, ತಗೊಂಡರೆ ಸಾಮಾನ್ಯವಾಗಿ ಒಂದೇ ಫಿಗರ್ ಎರಡು ಸಲ ಬರೋದೇ ಇಲ್ಲ. ಇನ್ನು ಸೀಕ್ರೆಟ್, ಅಂದ್ರೆ ಅಪರೂಪಕ್ಕೆ ಒಂದು ಮಾಮೂಲಿ ಫಿಗರ್ ಬದಲು ಬರುವ ಗೊಂಬೆಯ ವಿಷಯ. ಚೀನಾದ ಗೊಂಬೆ ಕಂಪನಿ ಪಾಪ್ ಮಾರ್ಟ್‌ನ 12ರ ಕೇಸಿನಲ್ಲಿ 144 ಬಾಕ್ಸಿಗೆ ಒಂದು, ಅವರದೇ ಹಲ್ಲು ಕಿರಿಯುವ ಗೊಂಬೆ ಲಬೂಬುವಿನ 6ರ ಕೇಸಿನಲ್ಲಿ 72ಕ್ಕೆ ಒಂದು ಅಂತಾರೆ. ಎರಡೂ ಕಡೆ ಸುಮಾರು 12 ಕೇಸಿಗೆ ಒಂದು ಅಂತಾಯ್ತು. ಅದರ ಬೆನ್ನು ಹತ್ತಿದವರ ದುಡ್ಡು ಉಳಿದದ್ದನ್ನು ನಾನು ನೋಡಿಲ್ಲ.

ಅದಕ್ಕೆ ನಾವು ಐದು ಜನ ಸೇರಿ ಕೇಸ್ ಒಡೆಯುತ್ತೇವೆ. ಇಬ್ಬರು ಬೆಳಗಾವಿ, ಇಬ್ಬರು ಧಾರವಾಡ, ಒಬ್ಬ ಹುಬ್ಬಳ್ಳಿ. ಸಮನಾಗಿ ಹಂಚಿಕೊಳ್ಳೋ ಪದ್ಧತಿ ಒಂದೇ ಸಲಕ್ಕೆ ಮುರಿದುಬಿತ್ತು. ಎಲ್ಲರಿಗೂ ಅದೇ ಎರಡು ಗೊಂಬೆ ಬೇಕು, ಉಳಿದದ್ದು ಯಾರಿಗೂ ಬೇಡ. ಚೀಟಿ ಎತ್ತಿದೆವು, ಅದಕ್ಕೂ ಮುಖ ಉಬ್ಬಿಸಿಕೊಂಡರು. ಕೊನೆಗೆ ನಾನು ಬೆಲೆಯಲ್ಲಿ ಏರಿಳಿತ ಹಾಕಿದೆ. ಕೇಸ್ ಕೈ ಸೇರೋ ಹೊತ್ತಿಗೆ 14,000 ಆಗಿದೆ ಅಂದುಕೊಳ್ಳಿ. ಎಲ್ಲರೂ ಬಯಸುವ ಫಿಗರ್‌ಗೆ 2,000, ಮೂಲೆಗೆ ಬೀಳೋದಕ್ಕೆ 700, ನಡುವಿನವು 1,000ದಿಂದ 1,300. ಒಟ್ಟು ಕೂಡಿದರೆ 14,000 ಆಗಬೇಕು, ಅಷ್ಟೇ. ಬೇಕಾದವರು ಜಾಸ್ತಿ ಕೊಟ್ಟು ತಗೊಳ್ಳುತ್ತಾರೆ, ನನ್ನಂಥವನು 700ರದ್ದನ್ನು ಖುಷಿಯಿಂದ ಎತ್ತಿಕೊಳ್ಳುತ್ತೇನೆ. ಸೀಕ್ರೆಟ್ ಬಂದರೆ ಯಾರ ಫಿಗರ್ ತಪ್ಪಿತೋ ಅವರಿಗೆ ಮೊದಲ ಹಕ್ಕು. ಅವರಿಗೆ ಬೇಡ ಅಂದ್ರೆ ಗುಂಪಿನೊಳಗೇ ಹರಾಜು, ಬಂದ ದುಡ್ಡು ಎಲ್ಲರ ಪಾಲಿಗೆ. ಈ ನಿಯಮ ಬಂದ ಮೇಲೆ ಜಗಳ ಆಗಿಲ್ಲ. ಕೇಸ್ ಎಲ್ಲಿಂದ ತರಿಸುತ್ತೇವೆ ಅನ್ನೋದನ್ನು ಬರೆಯಲ್ಲ, ಆ ಮನುಷ್ಯನ ಹತ್ತಿರ ಮಾಲು ಕಡಿಮೆ.

ನೇರವಾಗಿ ಹೊರದೇಶದಿಂದ ಪಾರ್ಸಲ್ ತರಿಸೋದು ನನಗೆ ಲಾಭ ಆಗಲಿಲ್ಲ. ಚೀನಾದಲ್ಲಿ 69 ಯುವಾನ್ ಬಾಕ್ಸ್ ನಾನು ತರಿಸಿದಾಗ ನಮ್ಮ ಲೆಕ್ಕದಲ್ಲಿ 800 ಚಿಲ್ಲರೆ ಇತ್ತು, ಕೇಳಿದರೆ ಸಸ್ತಾ ಅನಿಸುತ್ತಿತ್ತು. ಆದರೆ ಆಟಿಕೆ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಇಲ್ಲಿ ಮಾರೋಕೆ ಬಿಐಎಸ್‌ನ ಗುಣಮಟ್ಟದ ಗುರುತೂ ಕಡ್ಡಾಯ. ಗಿಫ್ಟ್ ಅಂತ ಬರೆಸಿ ಸುಂಕ ಇಲ್ಲದೆ ತರಿಸೋ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿತು. ನನ್ನ ಒಂದು ಪಾರ್ಸಲ್‌ಗೆ ಮಾಲಿನ ಬೆಲೆಗಿಂತ ಸುಂಕ, ಸಾಗಣೆ, ಕೊರಿಯರ್‌ನವರ ಕ್ಲಿಯರೆನ್ಸ್ ಫೀ ಎಲ್ಲ ಸೇರಿ ಜಾಸ್ತಿ ಆಯಿತು, ಮೇಲಿಂದ ಬಾಕ್ಸಿನ ಮೂಲೆ ಜಜ್ಜಿತ್ತು. ದೂರು ಕೊಟ್ಟೆ, ಉತ್ತರವೇ ಬರಲಿಲ್ಲ.

ದುಡ್ಡು ನಿಜವಾಗಿ ಉಳಿಸಿಕೊಟ್ಟದ್ದು ಕಾಯೋದು. ಹೊಸ ಸೀರೀಸ್ ಬಂದ ಮೊದಲ ತಿಂಗಳು ನಾನು ನೋಡೋದೂ ಇಲ್ಲ. ಮೂರ್ನಾಲ್ಕು ತಿಂಗಳು ಬಿಟ್ಟರೆ ಬಿಚ್ಚಿ ನೋಡಿದ, ಯಾವ ಫಿಗರ್ ಅಂತ ಗೊತ್ತಿರುವ ಮಾಲು ಮೂಲ ಬೆಲೆಯ ಹತ್ತಿರಕ್ಕೆ ಇಳಿಯುತ್ತದೆ. 2025ರ ಜೂನ್ ನೆನಪಿದೆ ಅಲ್ವಾ? ಆಳೆತ್ತರದ ಒಂದು ಲಬೂಬು ಬೀಜಿಂಗ್ ಹರಾಜಿನಲ್ಲಿ 10 ಲಕ್ಷ ಯುವಾನ್ ದಾಟಿತು ಅಂತ ಎಲ್ಲರೂ ಹುಚ್ಚೆದ್ದರು. ಅದೇ ತಿಂಗಳು ಪಾಪ್ ಮಾರ್ಟ್ ದೊಡ್ಡ ಪ್ರಮಾಣದಲ್ಲಿ ಮತ್ತೆ ಸ್ಟಾಕ್ ಬಿಟ್ಟಾಗ ಅಲ್ಲಿನ ಮರುಮಾರಾಟದ ಬೆಲೆ ದಬಕ್ಕಂತ ಬಿತ್ತು. ನಾನು ಬೇಕಾದ ಎರಡನ್ನು ತಗೊಂಡದ್ದು ಅದಾದ ಮೇಲೆ. ಮೊದಲು ಕೇಳುತ್ತಿದ್ದ ಬೆಲೆಯ ಅರ್ಧಕ್ಕೆ ಸಿಕ್ಕವು.

ಬೇರ್‌ಬ್ರಿಕ್, ಅಂದ್ರೆ ಜಪಾನಿನ ಮೆಡಿಕಾಮ್ ಕಂಪನಿಯ ಕರಡಿ ಗೊಂಬೆಗಳ ವಿಷಯದಲ್ಲಿ ನನ್ನದು ಒಂದೇ ಗೆರೆ: 100% ಅನ್ನೋ ಗಾತ್ರ ಮಾತ್ರ, ಅಂದರೆ 7 ಸೆಂ.ಮೀ. ಮೆಡಿಕಾಮ್‌ನವರು 2001ರಲ್ಲಿ ಶುರು ಮಾಡಿದ್ದೂ ಅದೇ ಗಾತ್ರದಲ್ಲಿ. 400% ಅಂದ್ರೆ 28, 1000% ಅಂದ್ರೆ 70 ಸೆಂ.ಮೀ. ಒಂದು ದೊಡ್ಡದಕ್ಕೆ ಕೊಡೋ ದುಡ್ಡಿನಲ್ಲಿ ಸಣ್ಣವು ಒಂದು ಸಾಲು ಬರುತ್ತವೆ, ಕಣ್ಣಿಗೂ ಸಾಲೇ ಚಂದ.

ನಕಲಿ ಬಗ್ಗೆ. ನಮ್ಮೂರ ಬಜಾರಿನಲ್ಲಿ 250 ರೂಪಾಯಿಗೆ ನೇತಾಡುವ ಲಬೂಬು ಏನು ಅಂತ ಎಲ್ಲರಿಗೂ ಗೊತ್ತು. ಕಷ್ಟ ಇರೋದು 1,800ಕ್ಕೆ ಮಾರುವ ಒಳ್ಳೆ ನಕಲಿಯಲ್ಲಿ. ಹಲ್ಲು ಒಂಬತ್ತು ಇರಬೇಕು, ಆದರೆ ಈಗ ನಕಲಿಯಲ್ಲೂ ಒಂಬತ್ತೇ ಇರುತ್ತವೆ. ನಾನು ನೋಟು ನೋಡುವ ಯುವಿ ಟಾರ್ಚ್ ಇಟ್ಟುಕೊಂಡಿದ್ದೇನೆ, ಈಚಿನವುಗಳ ಪಾದದ ಮೇಲೆ ಬೆಳಕು ಬಿಟ್ಟರೆ ಗುರುತು ಹೊಳೆಯಬೇಕು. ಅದಾದ ಮೇಲೆ ಮುಖದ ಬಣ್ಣದ ಅಂಚು, ಕತ್ತಿನ ಹೊಲಿಗೆ. ಇನ್ನೊಂದು ಜಾಗ ನೋಡುತ್ತೇನೆ, ಅದನ್ನು ಹೇಳಿದರೆ ನಾಳೆಯೇ ಅವರೂ ಸರಿಪಡಿಸುತ್ತಾರೆ.

ಬಜೆಟ್ ಸಂಗ್ರಹಕ್ಕೆ ಕಾಪಾಡೋದೂ ಸೇರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬಾಕ್ಸಿಗೆ ಬೂಸು ಬರುತ್ತದೆ, ಬಾಕ್ಸ್ ಹೋದರೆ ಮರುಮಾರಾಟದಲ್ಲಿ ಕಾಲುಭಾಗ ಬೆಲೆ ಹೋಯಿತು. ನೀಲಿ ಸಿಲಿಕಾ ಜೆಲ್ ಇಡುತ್ತೇನೆ, ಗುಲಾಬಿ ಆದಾಗ ಒಲೆಯ ಮೇಲೆ ಹಳೇ ಹಂಚಿನಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಇಡುತ್ತೇನೆ. ಕಪಾಟಿನ ಮೆಟ್ಟಿಲುಗಳಿಗೆ ಉದ್ಯಮಬಾಗದ ಲೇಸರ್ ಕಟಿಂಗ್‌ನವರ ಹತ್ತಿರ 3 ಮಿ.ಮೀ. ಅಕ್ರಿಲಿಕ್ ತುಂಡುಗಳು 400ಕ್ಕೆ ಸಿಕ್ಕವು, ರೆಡಿಮೇಡ್‌ಗೆ 2,000 ಕೇಳುತ್ತಾರೆ. ಆದರೆ ಬೇಸಿಗೆಯಲ್ಲಿ ಫಿಗರ್‌ಗಳ ವಿನೈಲ್ ಪ್ಲಾಸ್ಟಿಕ್ ಪಾದ ಅಕ್ರಿಲಿಕ್‌ಗೆ ಅಂಟಿ ಕಲೆ ಬಿಡುತ್ತಿತ್ತು. ಹಳೇ ಓಎಚ್‌ಪಿ ಶೀಟನ್ನು, ಅಂದ್ರೆ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಯನ್ನು, ನಾಲ್ಕಾಣೆಯಷ್ಟು ಗುಂಡಗೆ ಕತ್ತರಿಸಿ ಪಾದದ ಕೆಳಗೆ ಇಟ್ಟೆ, ಅಲ್ಲಿಗೆ ಮುಗೀತು. ಸೊಟ್ಟ ನಿಂತ ಫಿಗರ್‌ನ ಕಾಲನ್ನು ಕುದಿಯದ ಬಿಸಿ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ನೇರ ಮಾಡಿ, ಐಸ್ ನೀರಿಗೆ ಹಾಕಿದರೆ ನಿಲ್ಲುತ್ತದೆ. ಹಳದಿಯಾದ ಬಿಳಿ ವಿನೈಲ್‌ಗೆ ಪಾರ್ಲರ್‌ನ ಪೆರಾಕ್ಸೈಡ್ ಕ್ರೀಮ್ ಹಚ್ಚಿ ಬಿಸಿಲಿಗಿಟ್ಟು ನೋಡಿದೆ. ಬಿಳಿಯಾಯಿತು, ಆದರೆ ಮಚ್ಚೆ ಮಚ್ಚೆ, ಮುಂದಿನ ವರ್ಷಕ್ಕೆ ಮತ್ತೆ ಹಳದಿ. ಬಿಟ್ಟುಬಿಟ್ಟೆ.

ನನಗೆ ಭಾಳ ಖುಷಿ ಕೊಟ್ಟದ್ದು ಗೋಕಾಕದ ಪ್ರಯೋಗ. ಹಣ್ಣು, ಗೊಂಬೆ ಕೆತ್ತುವ ಒಬ್ಬರ ಹತ್ತಿರ ಹೋಗಿ, ನಾನೇ ಬರೆದ ಚೂಪುಕಿವಿಯ ಕುರಿಮರಿಯ ಚಿತ್ರ ಕೊಟ್ಟು, ಬಣ್ಣ ಇಲ್ಲದೆ ಕಟ್ಟಿಗೆಯಲ್ಲಿ ಮಾಡಿಕೊಡಿ ಅಂದೆ. "ಕಿವಿ ಇಷ್ಟ ಸಪೂರ ಆದ್ರ ಮುರೀತೈತ್ರೀ" ಅಂತ ಬುಡ ದಪ್ಪ ಮಾಡಿದರು, ಅವರ ಮಾತೇ ಸರಿ. ತಲಾ 900ರಂತೆ ಮೂರು ಮಾಡಿಸಿದೆ. ಬಣ್ಣ ಹಚ್ಚದ ವಿನೈಲ್ ಗೊಂಬೆಯ ಮೇಲೆ ಎನಾಮೆಲ್ ಸ್ಪ್ರೇ ಹೊಡೆದರೆ ತಿಂಗಳಾದರೂ ಕೈಗೆ ಅಂಟುತ್ತದೆ, ಅದು ನಿಮಗೂ ಆಗಿರಬೇಕು. ಕಟ್ಟಿಗೆಗೆ ಆ ರಗಳೆ ಇಲ್ಲ. ಅಕ್ರಿಲಿಕ್ ಬಣ್ಣ, ಮೇಲೆ ಮ್ಯಾಟ್ ವಾರ್ನಿಶ್, ಎರಡು ದಿನದಲ್ಲಿ ಗಟ್ಟಿ. ಒಂದನ್ನು ಇಟ್ಟುಕೊಂಡೆ. ಒಂದನ್ನು ಹುಬ್ಬಳ್ಳಿಯ ಗೆಳೆಯ ತನ್ನ ಮಾಲಿ (Molly) ಅನ್ನೋ ಹುಡುಗಿಯ ಫಿಗರ್ ಕೊಟ್ಟು ಬದಲಿಗೆ ಒಯ್ದ. ಮೂರನೆಯದಕ್ಕೆ, ಕೀಚೈನ್ ಕೂಡಿಸು ಅಂದಿದ್ದ ಬೆಂಗಳೂರಿನವನೇ 2,500 ಕೊಡ್ತೀನಿ ಅಂತಿದ್ದಾನೆ. ನಾನು 3,000 ಹೇಳಿದ್ದೇನೆ, ಇಳಿಸಲ್ಲ.